ಗಟ್ಟಿಮೇಳದ ಮಾಳೇಶ

ಶಿಕಾರಿಪುರದ ಕಡೆ ವಾದ್ಯದವರನ್ನು ಕರೆಸುವುದು ಕೇಳುವುದಕ್ಕಲ್ಲ, ಬೇರೇನೂ ಕೇಳಿಸದಿರಲಿ ಎಂದು. ಈ ಸಂಗತಿ ಮಾಳೇಶನ ತಲೆಗೆ ಹೊಳೆಯುವ ಹೊತ್ತಿಗೆ ಆ ತಲೆ ಅರ್ಧ ನರೆತಿತ್ತು. ಮದುವೆಯಲ್ಲಿ ತಾಳಿ ಕಟ್ಟುವ ಗಳಿಗೆಗೆ ಯಾರಾದರೂ ಸೀನಿದರೆ ಅಪಶಕುನ, ಬಿಕ್ಕಿದರೆ ಅಪಶಕುನ, ಬೀಗರ ಹಳೇ ಜಗಳ ಬಾಯಿಗೆ ಬಂದರಂತೂ ಕೇಳುವುದೇ ಬೇಡ. ಅದಕ್ಕೇ ಹಿರಿಯರೊಬ್ಬರು ಬೆರಳೆತ್ತಿ ಆಡಿಸುತ್ತಾರೆ, ವಾದ್ಯದವರು ಜೀವ ಬಿಟ್ಟು ಊದುತ್ತಾರೆ, ಬಡಿಯುತ್ತಾರೆ, ಆ ಗದ್ದಲದಲ್ಲಿ ಕೆಟ್ಟ ಸದ್ದೆಲ್ಲ ಮುಳುಗಿಹೋಗುತ್ತದೆ. ಇದಕ್ಕೆ ಗಟ್ಟಿಮೇಳ ಎಂದು ಹೆಸರು. ಕೇಳಿಸದ ಸೀನು ಸೀನೇ ಅಲ್ಲ ಎಂಬುದು ನಮ್ಮ ಹಿರಿಯರು ಕಂಡುಕೊಂಡ ಸತ್ಯ. ಎಷ್ಟೋ ಸಂಸಾರಗಳು ಇದೇ ಸತ್ಯದ ಮೇಲೆ ಇವತ್ತಿಗೂ ನಡೆಯುತ್ತಿವೆ.

ಮಾಳೇಶ ಬಂದಳಿಕೆ ಕಡೆಯ ಕುರಿ ಸಾಕುವ ಮನೆಯವನು. ಹಿರಿಯಣ್ಣ ಕುರಿ ಹಿಂದೆ ಹೋದ, ಇವನು ಪೇಟೆಯ ಸದಾಶಿವಪ್ಪನವರ ಬ್ಯಾಂಡ್ ಸೆಟ್ಟಿನ ಹಿಂದೆ ಹೋದ. ಸದಾಶಿವಪ್ಪನವರು ಇವನ ಎದೆಯಗಲ ನೋಡಿ, ಹುಬ್ಬಳ್ಳಿಯಿಂದ ತಂದಿದ್ದ ಹಳೇ ಸ್ಯಾಕ್ಸೊಫೋನನ್ನು ಕೊರಳಿಗೆ ಹಾಕಿದರು. ಕೆಂಪು ಕೋಟು, ಭುಜದ ಮೇಲೆ ಜರಿಯ ಕುಚ್ಚು, ತಲೆಗೆ ಟೋಪಿ. ಯಾವ ಸೈನ್ಯದಲ್ಲೂ ಇಲ್ಲದ ಹುದ್ದೆಯೊಂದು ಹೀಗೆ ಅವನಿಗೆ ಸಿಕ್ಕಿತು. ಮದುವೆ, ಗೃಹಪ್ರವೇಶ, ಶವಯಾತ್ರೆ, ಗೆದ್ದವರ ಮೆರವಣಿಗೆ, ಒಮ್ಮೊಮ್ಮೆ ಸೋತವರ ಮೆರವಣಿಗೆ, ಎಲ್ಲದಕ್ಕೂ ಅದೇ ಕೋಟು.

ಇಷ್ಟಕ್ಕೇ ನಿಂತಿದ್ದರೆ ಅವನು ಸುಖವಾಗಿರುತ್ತಿದ್ದ. ಆದರೆ ಬ್ಯಾಂಡಿನವರು ಓಡಾಡುವ ಟ್ರ್ಯಾಕ್ಸ್ ಗಾಡಿಗೆಂದು ಸದಾಶಿವಪ್ಪನವರು ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಒಂದು ಪೆನ್‌ಡ್ರೈವ್ ತುಂಬಿಸಿಕೊಂಡು ಬಂದರು. "ಸ್ಯಾಕ್ಸೊಫೋನಿಂದು ಏನೇನ್ ಐತೋ ಎಲ್ಲಾ ಹಾಕಪ್ಪ" ಎಂದಿದ್ದರಂತೆ. ಅಂಗಡಿಯವನು ಎಲ್ಲವನ್ನೂ ಹಾಕಿದ್ದ. ಸಿನಿಮಾ ಹಾಡುಗಳ ನಡುವೆ ಹೆಸರೇ ಇಲ್ಲದ ಒಂದು ಬಂತು. ಅದು ಹಾಡಿನ ಮನೆಯಿಂದ ನೆಟ್ಟಗೆ ಹೊರಟು, ಸಿಕ್ಕ ಓಣಿಯನ್ನೆಲ್ಲ ಹೊಕ್ಕು, ಯಾರದೋ ಹಿತ್ತಲಲ್ಲಿ ಸ್ವಲ್ಪ ಹೊತ್ತು ಕೂತು, ದಾರಿ ತಪ್ಪಿತಲ್ಲ ಎಂದು ನಮಗೆ ದಿಗಿಲಾಗುವಷ್ಟರಲ್ಲಿ ನಿಧಾನವಾಗಿ ಮನೆಗೆ ಬಂತು. ಸೊರಬದ ಮದುವೆಗೆ ಹೊರಟಿದ್ದ ಮಾಳೇಶ ದಾರಿಯುದ್ದಕ್ಕೂ ಅದನ್ನೇ ಹಾಕಿಸಿದ. ಡೋಲಿನವರು ಬೈದರು. ಅದಕ್ಕೆ ಜಾಝ್ ಎನ್ನುತ್ತಾರೆಂದು ಆಮೇಲೆ ಫೋನಿನಲ್ಲಿ ಹುಡುಕಿ ತಿಳಿದುಕೊಂಡ. ಕಪ್ಪು ಜನ, ದೂರದ ದೇಶ, ಗುಲಾಮಗಿರಿ, ಶವಯಾತ್ರೆಯ ಬ್ಯಾಂಡು ಎಂದೆಲ್ಲ ಅದರಲ್ಲಿ ಹೇಳಿದ್ದರು. ಶವಯಾತ್ರೆಯ ಬ್ಯಾಂಡು ಎಂದಾಗ ಮಾಳೇಶನಿಗೆ ಆ ಜನ ತನ್ನ ದಾಯಾದಿಗಳೇ ಎನ್ನಿಸಿತು.

ಅಲ್ಲಿಂದ ಅವನ ಹಾಡುಗಳು ಓಣಿ ಹೊಗತೊಡಗಿದವು. ದಿಬ್ಬಣದ ಮುಂದೆ ಎಲ್ಲರಿಗೂ ಗೊತ್ತಿದ್ದ ಹಾಡನ್ನೇ ಶುರುಮಾಡುವನು, ಎರಡನೇ ಸಾಲಿಗೆ ಮಾಯವಾಗುವನು. ಕುಣಿಯುತ್ತಿದ್ದವರು ಒಂಟಿಕಾಲಲ್ಲಿ ನಿಲ್ಲುವರು.

"ಎಲ್ಲಿಗ್ ಹೋಗಿದ್ಯೋ ಮಾರಾಯ?" ಎಂದು ಸದಾಶಿವಪ್ಪನವರು ಕೇಳುವರು. "ಹಾಡು ಇಲ್ಲೇ ಐತಲ್ಲ."

"ಒಂಚೂರು ಅಡ್ಡಾಡಿ ಬಂದೆ ಮಾಸ್ಟ್ರೇ."

"ಅಡ್ಡಾಡಾಕೆ ಯಾರೂ ಕರೆಸಿಲ್ಲ. ಜನ ಕುಣೀತಾ ಅದಾರೆ, ನೋಡ್ಕಂಡು ಊದು."

ಅಡ್ಡಾಡಲು ಜಾಗ ಸಿಕ್ಕಿದ್ದು ಒಂದೇ ಕಡೆ, ಗಟ್ಟಿಮೇಳದಲ್ಲಿ. ಅಲ್ಲಿ ಹಾಡು ಯಾವುದೆಂದು ಯಾರೂ ಕೇಳುವುದಿಲ್ಲ, ಸದ್ದು ಜೋರಾಗಿದ್ದರೆ ಸಾಕು. ಮಾಳೇಶ ತನ್ನ ಜಾಝನ್ನೆಲ್ಲ ಆ ಗಳಿಗೆಗೆ ಇಟ್ಟುಕೊಂಡ. ಕ್ಯಾಸನೂರಿನ ಒಂದು ಮದುವೆಯಲ್ಲಿ ವರನ ಸೋದರಮಾವ ತಾಳಿಯ ಹೊತ್ತಿಗೆ ಸರಿಯಾಗಿ ಸೀನಿದರು. ಆ ಊರಲ್ಲಿ ಅವರ ಸೀನಿಗೆ ಬಾವಿಕಟ್ಟೆಯ ಕಾಗೆಗಳು ಹಾರುತ್ತಿದ್ದವಂತೆ. ಅಂಥ ಸೀನು ಪಕ್ಕದಲ್ಲಿ ಕೂತ ಹೆಂಡತಿಗೂ ಕೇಳಿಸಲಿಲ್ಲ. ಆಮೇಲೆ ವೀಡಿಯೊ ನೋಡಿದಾಗ ಮಾವನ ಬಾಯಿ ಗುಹೆಯಷ್ಟು ತೆರೆದಿದೆ, ಆದರೆ ಕೇಳುವುದು ಮಾಳೇಶನ ಸ್ಯಾಕ್ಸೊಫೋನು ಮಾತ್ರ. ಆ ದಂಪತಿಗೆ ವರ್ಷದೊಳಗೆ ಅವಳಿ ಮಕ್ಕಳಾದವು. ಇನ್ನೇನು ಬೇಕು? "ಸೀನು ನುಂಗೋ ಮಾಳೇಶ" ಎಂದು ಶಿಕಾರಿಪುರ, ಸೊರಬ ಎರಡೂ ತಾಲೂಕಿನಲ್ಲಿ ಹೆಸರಾಯಿತು. ಮಾಳೇಶನ ದಿನ ನೋಡಿಕೊಂಡು ಮುಹೂರ್ತ ಇಡಿಸುವವರು ಹುಟ್ಟಿಕೊಂಡರು.

ಹೆಸರು ಬೆಳೆದಷ್ಟೂ ಅವನಿಗೆ ಸಂಕಟ ಬೆಳೆಯಿತು. ಒಬ್ಬ ಕಲಾವಿದನನ್ನು ಊರೆಲ್ಲ ಹೊಗಳುತ್ತದೆ, ಆದರೆ ಅವನು ಏನು ನುಡಿಸಿದನೆಂದು ಒಬ್ಬರೂ ಹೇಳಲಾರರು. ಅಷ್ಟರಲ್ಲಿ ಅವನೊಂದು ರಾಗ ಕಟ್ಟಿದ್ದ, ಪೂರಾ ತನ್ನದೇ. ಅದನ್ನು ಮನೆಯಲ್ಲಿ ನುಡಿಸಿದರೆ ಪಕ್ಕದ ಮನೆಯ ವನಜಮ್ಮ ಧಾರಾವಾಹಿ ಕೇಳಿಸುವುದಿಲ್ಲವೆಂದು ಗೋಡೆ ಬಡಿಯುತ್ತಿದ್ದರು. ಗುಡವಿಯ ಪಕ್ಷಿಧಾಮದ ಕೆರೆದಂಡೆಗೆ ಹೋದರೆ ಹಕ್ಕಿಗಳಿಗೆ ತೊಂದರೆಯಾಗುತ್ತದೆಂದು ಗಾರ್ಡ್ ಎಬ್ಬಿಸಿದ. ಕೊನೆಗೆ ಬಂದಳಿಕೆಯ ಹಳೇ ಗುಡಿಗಳ ಹತ್ತಿರ, ಅಣ್ಣನ ಕುರಿ ಮೇಯುವಲ್ಲಿ ನುಡಿಸಿದ. ಕುರಿಗಳು ತಲೆ ಎತ್ತಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಮಾಳೇಶನ ಅನುಭವದಲ್ಲಿ ಅದು ಬಹಳ ಒಳ್ಳೆಯ ಸಭೆ.

ಇಂಥದರಲ್ಲಿ ಹಲ್ಲು ಅಲುಗಾಡತೊಡಗಿದವು. ಸ್ಯಾಕ್ಸೊಫೋನು ಊದುವವನು ಮೇಲಿನ ಮುಂದಿನ ಹಲ್ಲೆರಡನ್ನು ವಾದ್ಯದ ಬಾಯಿಯ ಮೇಲೆ ಊರಿ ಹಿಡಿಯಬೇಕು. ಆ ಎರಡೇ ಅಲುಗಾಡಿದವು. ಪೇಟೆಯ ಹಲ್ಲಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಕೀಳಲೇಬೇಕು, ಕಟ್ಟಿಸಿದ ಹಲ್ಲಿನಲ್ಲಿ ಊದುವುದು ಅನುಮಾನ ಎಂದರು.

"ಕೀಳ್ಸ್ಕಳ್ರೀ ಅತ್ಲಾಗೆ" ಎಂದಳು ಹೆಂಡತಿ ಪ್ರಮೀಳಾ. "ರಾತ್ರಿಯೆಲ್ಲ ನರಳ್ತೀರಿ."

"ಕೀಳ್ಸ್ತೀನಿ. ಅದಕ್ಕೂ ಮುಂಚೆ ಒಂದ್ಸಲ ನನ್ ರಾಗ ಯಾರಾದ್ರೂ ಕೂತು ಕೇಳ್ಬೇಕು. ಮಾತಾಡ್ದೆ, ಮೊದ್ಲಿಂದ ಕೊನೀತನಕ. ಒಂದೇ ಸಲ."

ಪ್ರಮೀಳಾ ಅವನ ಮುಖ ನೋಡಿ, ಬಾಯಿ ಮುಕ್ಕಳಿಸಲು ಉಪ್ಪುನೀರು ಕಾಯಿಸಿಕೊಟ್ಟಳು. ಹುಚ್ಚಿನಲ್ಲೂ ಇದು ಸಣ್ಣ ಹುಚ್ಚು, ಕುಡಿತಕ್ಕಿಂತ ವಾಸಿ ಎಂದುಕೊಂಡಿರಬೇಕು.

ಆ ವಾರವೇ ಗಂಗಾಧರಪ್ಪನವರು ಮನೆಗೆ ಬಂದರು. ಮೆಕ್ಕೆಜೋಳದ ಮಂಡಿಯ ಸಾಹುಕಾರರು, ಊರಿನ ಯಾವ ಸಮಿತಿಯಲ್ಲಿ ನೋಡಿದರೂ ಅಧ್ಯಕ್ಷರು. ಅವರ ಕಾರು ಓಣಿಯಲ್ಲಿ ಹಿಡಿಸದೆ ವನಜಮ್ಮನ ತುಳಸಿಕಟ್ಟೆಗೆ ಒರಗಿ ನಿಂತಿತು. ಅವತ್ತು ವನಜಮ್ಮ ಗೋಡೆ ಬಡಿಯಲಿಲ್ಲ.

"ಮಾಳೇಶ, ನಮ್ ಮಗಳು ಶರಣ್ಯಂದು ಮದುವಿ. ಸೊರಬದ ಅಕ್ಕಿ ಮಿಲ್ಲಿನೋರ ಹುಡುಗ, ಮಹಾಂತೇಶ್. ನೀನೇ ಬರ್ಬೇಕು."

"ಬರ್ತೀನ್ರಿ ಸಾವ್ಕಾರ್ರೆ."

"ಬರೇ ಬಂದ್ರೆ ಆಗಂಗಿಲ್ಲ. ಮುಹೂರ್ತದಾಗ ನನಗೆ ಸೊಳ್ಳಿ ಸದ್ದೂ ಕೇಳ್ಬಾರ್ದು. ನಾ ಬೆರಳು ಎತ್ತಿದ ಮ್ಯಾಲೆ ತಾಳಿ ಬೀಳೋತನಕ ನೀ ನಿಲ್ಲಿಸಂಗಿಲ್ಲ. ತಿಳೀತೇನು?"

ಇಂಥ ಸಾಹುಕಾರರಿಗೆ ಯಾವ ಸೀನಿನ ಭಯ ಎಂದು ಮಾಳೇಶನಿಗೆ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಪ್ರಮೀಳಾ ಚಹಾ ಲೋಟ ಇಡುತ್ತ, "ಅವ್ರಿಗೊಂದು ಆಸೆ ಐತ್ರಿ ಸಾವ್ಕಾರ್ರೆ" ಎಂದು ಎಲ್ಲ ಹೇಳಿಬಿಟ್ಟಳು, ಹಲ್ಲಿನ ಸಮೇತ.

ಗಂಗಾಧರಪ್ಪನವರು ದೊಡ್ಡ ಮನಸ್ಸು ಮಾಡಿದರು. ದೊಡ್ಡ ಮನಸ್ಸು ಮಾಡುವುದು ಅವರಿಗೆ ಅಭ್ಯಾಸವಿತ್ತು. "ಅಷ್ಟೇ ಹೌದಿಲ್ಲೋ? ಅವತ್ತು ಸಂಜಿಗೇ ಇಡಾಣ. ಸಾಲಾಗಿ ಕುರ್ಚಿ ಹಾಕಿಸ್ತೀನಿ. ಮಾತಾಡಿದೋರ್ನ ನಾನೇ ಎಬ್ಬಿಸಿ ಕಳಿಸ್ತೀನಿ. ರಾತ್ರಿ ಊಟ ನಿನ್ ಹಾಡು ಮುಗಿದ ಮ್ಯಾಲೇ. ಆತಲ್ಲ?"

ಊಟವನ್ನು ಕಛೇರಿಯ ನಂತರ ಇಡುವುದೆಂದರೆ ನಮ್ಮ ಕಡೆ ಆಸ್ತಿ ಬರೆದುಕೊಟ್ಟಂತೆ. ಮಾಳೇಶ ಎದ್ದು ಕೈ ಮುಗಿದ. ಲಗ್ನಪತ್ರಿಕೆಯಲ್ಲೂ ಅಚ್ಚಾಗಿ ಬಂತು: ಸಂಜೆ ಶ್ರೀ ಮಾಳೇಶ್ ಅವರಿಂದ ಜಾಝ್ ಕಛೇರಿ. ಪ್ರಮೀಳಾ ಅದನ್ನು ದೇವರ ಫೋಟೊಗಳ ಪಕ್ಕ ಸಿಕ್ಕಿಸಿದಳು. ಹೆಸರಿನ ಮೊದಲು 'ಶ್ರೀ' ನೋಡಿದ್ದು ಅವನ ಬದುಕಿನಲ್ಲಿ ಅದೇ ಮೊದಲು.

ಮದುವೆಯ ಹಿಂದಿನ ದಿನ ಅರಿಶಿನ ಶಾಸ್ತ್ರ. ಬ್ಯಾಂಡಿನವರು ಕಲ್ಯಾಣ ಮಂಟಪದ ಹಿತ್ತಲಲ್ಲಿ ಮಂಡಕ್ಕಿ ತಿನ್ನುತ್ತ ಕೂತಿದ್ದರು. ಮಾಳೇಶ ಸ್ವಲ್ಪ ದೂರದಲ್ಲಿ ವಾದ್ಯ ಒರೆಸುತ್ತಿದ್ದ. ಮುಖವೆಲ್ಲ ಅರಿಶಿನವಾಗಿದ್ದ ಮದುಮಗಳೇ ಬಂದು ಎದುರಿಗೆ ನಿಂತಳು. ಶರಣ್ಯ ಸೊರಬದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು.

"ಮಾಳೇಶಣ್ಣ, ನಾಳೆ ಎಷ್ಟೊತ್ತು ಊದ್ತೀರಿ?"

"ತಾಳಿ ಬೀಳೋತನಕ ತಂಗಿ."

"ನಡುವೆ ಉಸಿರು ತಗೊಳ್ಳೋದಿಲ್ವಾ?"

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ತಗೊಳ್ತೀನಿ. ಗೊತ್ತಾಗಂಗಿಲ್ಲ ಅಷ್ಟೆ. ಡೋಲು ಮುಚ್ಚಿಬಿಡ್ತೈತಿ."

"ಡೋಲಿನವ್ರು ನಿಲ್ಲಿಸೋದು ಯಾವಾಗ?"

"ನಾನು ನಿಲ್ಲಿಸಿದ್ರೆ ಅವ್ರೂ ನಿಲ್ಲಿಸ್ಬೇಕು. ಅದು ನಮ್ ಸೆಟ್ಟಿನ ಕಟ್ಟಳೆ."

"ಹಾಗಾದ್ರೆ ನಾಳೆ ಒಂದು ಉಸಿರು ಗೊತ್ತಾಗೋ ಹಾಗೆ ತಗೊಳ್ಳಿ. ಅಷ್ಟು ಸಾಕು ನನಗೆ. ಈ ಮದುವೆ ಬೇಡ ಅಂತ ಹೇಳೋಕೆ."

"ಮನೇಲಿ ಹೇಳ್ಬೇಕಲ್ಲ ತಂಗಿ, ನನಗೆ ಹೇಳಿದ್ರೆ?"

"ಹೇಳಿದ್ದೀನಿ. ಎಲ್ಲರೂ ಹ್ಞೂಂ ಹ್ಞೂಂ ಅಂತ ತಲೆ ಆಡಿಸಿ ಸೀರೆ ಆರಿಸೋಕೆ ಕರ್ಕೊಂಡ್ ಹೋದ್ರು. ಮಹಾಂತೇಶ್‌ಗೂ ಹೇಳ್ದೆ, ಮದುವೆ ಆದ್ಮೇಲೆ ಮಾತಾಡೋಣ ಅಂದ್ರು. ಅಪ್ಪ ಅಂತೂ, ಮುಹೂರ್ತದಲ್ಲಿ ಗಟ್ಟಿಮೇಳ ಇರ್ತದೆ, ಅವಾಗ ಏನ್ ಬೇಕಾದ್ರೂ ಹೇಳ್ಕೋ ಅಂತ ನಕ್ಕರು."

"ಬ್ಯಾಡ ಅಂತ ಯಾಕೆ?"

"ಕಾರಣ ಕೇಳ್ಬೇಡಿ ಅಣ್ಣ. ಕೇಳಿದವ್ರೆಲ್ಲ ಉತ್ತರ ರೆಡಿ ಇಟ್ಕೊಂಡೇ ಕೇಳಿದ್ರು. ಓಡಿಹೋಗು ಅಂತಾಳೆ ನನ್ ಗೆಳತಿ. ಓಡಿಹೋದ್ರೆ ಓಡಿಹೋದ್ಲು ಅನ್ನೋದಷ್ಟೇ ಕೇಳಿಸ್ತದೆ, ನಾನ್ ಹೇಳಿದ್ದು ಕೇಳಿಸಲ್ಲ. ಎಲ್ಲರೂ ಕೂತಿರುವಾಗ ಒಂದ್ಸಲ ಹೇಳ್ಬೇಕು. ಒಂದೇ ಸಲ."

ಒಳಗಿನಿಂದ ಯಾರೋ ಕರೆದರು, ಅವಳು ಹೋದಳು. ಮಾಳೇಶನಿಗೆ ಈಗ ಸಾಹುಕಾರರು ಹೆದರಿದ್ದ ಸೊಳ್ಳೆ ಯಾವುದೆಂದು ತಿಳಿಯಿತು. ಅವನಿಗೆ ಸಿಟ್ಟೂ ಬಂತು, ಸಾಹುಕಾರರ ಮೇಲಲ್ಲ, ಈ ಹುಡುಗಿಯ ಮೇಲೆ. ಇಷ್ಟು ದೊಡ್ಡ ಊರಿನಲ್ಲಿ ಇವಳಿಗೆ ತಾನೇ ಸಿಗಬೇಕಿತ್ತೆ? ಸಂಜೆಗೆ ಕುರ್ಚಿ ಬಂದಿಳಿದಿವೆ. ಹಲ್ಲು ಹಿಡಿದುಕೊಂಡಿರುವುದೇ ಆ ಸಂಜೆಗಾಗಿ. ಊದುವವನು ಊದಬೇಕು, ಕಟ್ಟುವವನು ಕಟ್ಟಬೇಕು, ಊರ ಉಸಾಬರಿ ತನಗೆ ಬೇಡ ಎಂದು ಅವನು ಗಟ್ಟಿ ಮಾಡಿಕೊಂಡ. ಪ್ರಮೀಳಾಗೂ ಹೇಳಲಿಲ್ಲ. ಹೇಳಿದರೆ ಅವಳು ಏನನ್ನುತ್ತಾಳೆಂದು ಅವನಿಗೆ ಗೊತ್ತಿತ್ತು, ಅದನ್ನು ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ.

ಮರುದಿನ ಮಂಟಪ ತುಂಬಿತ್ತು. ಹಿಂದಿನ ಸಾಲುಗಳ ಜನ ಅಕ್ಕಿಕಾಳನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣನ್ನು ಊಟದ ಮನೆಯ ಬಾಗಿಲಿಗೆ ನೆಟ್ಟಿದ್ದರು. ತಾಳಿ ಬಿದ್ದ ಕೂಡಲೇ ಕಾಳು ಎಸೆದು ಓಡಿದರೆ ಮೊದಲ ಪಂಕ್ತಿ ಸಿಗುತ್ತದೆ. ಅಯ್ಯನವರು ಮಂತ್ರ ಮುಗಿಸಿ ತಾಳಿಯ ತಟ್ಟೆ ಎತ್ತಿದರು. ಮಹಾಂತೇಶ್ ಬಾಸಿಂಗದ ಕೆಳಗೆ ಬೆವರುತ್ತ ತಾಳಿ ಕೈಗೆತ್ತಿಕೊಂಡ. ಗಂಗಾಧರಪ್ಪನವರು ಬೆರಳೆತ್ತಿ ಆಡಿಸಿದರು.

ಮಾಳೇಶ ಊದಿದ. ಎಂದೂ ಊದದ ಹಾಗೆ ಊದಿದ. ಹಲ್ಲು ನೋವಿನಿಂದ ಕಣ್ಣಲ್ಲಿ ನೀರು ಬಂದರೂ ರಾಗ ತಾನಾಗಿ ಬಾಯಿ ಬಿಚ್ಚಿಕೊಂಡು, ಹಿಂದೆಂದೂ ಕಾಣದ ಓಣಿ ಹೊಕ್ಕಿತು. ಇಷ್ಟು ಚೆನ್ನಾಗಿ ತನಗೆ ನುಡಿಸಲು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಎಂದಿನಂತೆ ಯಾರೂ ಕೇಳುತ್ತಿರಲಿಲ್ಲ. ಫೋನು ಎತ್ತಿ ಹಿಡಿದವರು ಫೋನು ನೋಡುತ್ತಿದ್ದರು, ಸಾಹುಕಾರರು ತಾಳಿ ನೋಡುತ್ತಿದ್ದರು.

ಶರಣ್ಯ ಮಾತ್ರ ಅವನನ್ನು ನೋಡುತ್ತಿದ್ದಳು. ವರನನ್ನಲ್ಲ, ತಾಳಿಯನ್ನಲ್ಲ, ಅವನ ಬಾಯನ್ನು. ಅವಳ ತುಟಿ ಅರ್ಧ ತೆರೆದಿತ್ತು. ರಾಗ ಮೇಲೇರಿದರೆ ಅವಳ ಹುಬ್ಬು ಏರುತ್ತಿತ್ತು, ಇಳಿದು ನಿಲ್ಲುವಂತಾದರೆ ಅವಳು ಮುಂದಕ್ಕೆ ಬಾಗುತ್ತಿದ್ದಳು, ನಿಲ್ಲದೆ ಮತ್ತೆ ಏರಿದರೆ ಹಿಂದಕ್ಕೆ ಸರಿಯುತ್ತಿದ್ದಳು. ಒಂದು ಸ್ವರವನ್ನೂ ಬಿಡುತ್ತಿರಲಿಲ್ಲ. ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಬೇಕಾದವಳು ಎಲ್ಲವನ್ನೂ ಕೇಳಲೇಬೇಕಲ್ಲ. ಇಷ್ಟು ವರ್ಷ ಊದಿ, ತನಗೆ ಕೇಳುವವರೊಬ್ಬರು ಸಿಕ್ಕಿದ್ದಾರೆಂದು ಮಾಳೇಶನಿಗೆ ಅರಿವಾಯಿತು. ಅವಳು ಕೇಳುತ್ತಿದ್ದುದು ಅವನು ಯಾವಾಗ ಬಾಯಿ ಮುಚ್ಚುತ್ತಾನೆಂದು. ಸಂಜೆಯ ಕುರ್ಚಿಗಳು ಸಾಲುಸಾಲಾಗಿ ಕಣ್ಣ ಮುಂದೆ ಬಂದವು. ಆ ಕುರ್ಚಿಗಳಲ್ಲಿ ಕೂರುವ ಒಬ್ಬರೂ ಇವಳ ಹಾಗೆ ಕೇಳಲಾರರು ಎಂಬುದೂ ತಿಳಿದುಹೋಯಿತು.

ಅವನು ವಾದ್ಯವನ್ನು ತುಟಿಯಿಂದ ತೆಗೆದ. ಕಟ್ಟಳೆಯಂತೆ ಡೋಲೂ ನಿಂತಿತು.

ಮಂಟಪದಲ್ಲಿ ಫ್ಯಾನುಗಳ ಸದ್ದು ಕೇಳಿಸಿತು. ಅಡುಗೆಮನೆಯಲ್ಲಿ ಯಾರೋ ಸಾರಿಗೆ ಉಪ್ಪು ಕೇಳುತ್ತಿದ್ದರು.

"ನನಗೆ ಈ ಮದುವೆ ಬೇಡ" ಎಂದಳು ಶರಣ್ಯ, ಹಾಜರಿ ಕೂಗುವಾಗಿನ ಧ್ವನಿಯಲ್ಲಿ. "ಯುಗಾದಿಯಿಂದ ಹೇಳ್ತಾನೇ ಇದ್ದೀನಿ."

ಗಂಗಾಧರಪ್ಪನವರು ಮಗಳ ಕಡೆ ತಿರುಗಲಿಲ್ಲ, ಮಾಳೇಶನ ಕಡೆ ತಿರುಗಿದರು. "ಊದೋ."

ಮಾಳೇಶ ನಿಂತೇ ಇದ್ದ.

"ಊದೋ ಮಾಳೇಶ. ಯಾಕೆ ನಿಲ್ಲಿಸ್ದೆ?"

"ಉಸಿರು ತಗೊಳ್ತಾ ಇದ್ದೀನ್ರಿ ಸಾವ್ಕಾರ್ರೆ."

ಮುಂದಿನ ಸಾಲಿನಲ್ಲಿ ಸಾಹುಕಾರರ ತಾಯಿ ದ್ಯಾಮಮ್ಮ ಕೂತಿದ್ದರು. ಕಿವಿ ಮಂದವೆಂದು ಅವರ ಹತ್ತಿರ ಯಾರೂ ಮಾತಾಡುವುದನ್ನೇ ಬಿಟ್ಟಿದ್ದರು. ಅವರು ಕೋಲು ಊರಿ ಎದ್ದರು. "ಕೂಸು ಬ್ಯಾಡ ಅಂತು. ನನಗೇ ಕೇಳಿಸ್ತು, ನಿನಗ ಕೇಳಿಸ್ಲಿಲ್ಲೇನೋ ಗಂಗಾಧರ?"

ದ್ಯಾಮಮ್ಮನಿಗೇ ಕೇಳಿಸಿದ ಮೇಲೆ ಉಳಿದವರು ಕೇಳಿಸಲಿಲ್ಲ ಎನ್ನುವ ಹಾಗಿರಲಿಲ್ಲ. ಮಹಾಂತೇಶ್ ತಾಳಿಯನ್ನು ತಟ್ಟೆಗೆ ಹಾಕಿ, "ನಂಗೂ ಹೇಳಿದ್ರು, ನಾನೇ ಆಮೇಲೆ ನೋಡನ ಅಂದಿದ್ದೆ" ಎಂದು ಯಾರಿಗೂ ಅಲ್ಲದ ಹಾಗೆ ಗೊಣಗಿದ. ಕೂಗಾಟ ಶುರುವಾಯಿತು, ಬೀಗರು ಚಪ್ಪಲಿ ಹುಡುಕತೊಡಗಿದರು. ಮದುವೆ ನಿಂತರೂ ಊಟ ನಿಲ್ಲಲಿಲ್ಲ. ಹಿಂದಿನ ಸಾಲಿನವರು ಅಕ್ಕಿಕಾಳನ್ನು ಎಸೆಯುವುದೋ ಬೇಡವೋ ಎಂದು ಕ್ಷಣಕಾಲ ಯೋಚಿಸಿ, ಜೇಬಿಗೆ ಹಾಕಿಕೊಂಡು ಮೊದಲ ಪಂಕ್ತಿಗೆ ಓಡಿದರು. ಮದುವೆ ನಿಂತದ್ದು ಬಹಳ ಅನ್ಯಾಯವೆಂದು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ ಮಾತಾಡಿಕೊಂಡರು.

ಸಂಜೆ ಕುರ್ಚಿಗಳನ್ನು ಲಾರಿಗೆ ಏರಿಸಿದರು. ಮಾಳೇಶ ರಸ್ತೆಯಾಚೆ ನಿಂತು ನೋಡಿದ. ಹುಡುಗಿಗೆ ಒಳ್ಳೆಯದಾಯಿತೆಂದು ಸಂತೋಷವಿತ್ತು, ನಿಜ. ಆದರೆ ಒಂದರ ಮೇಲೊಂದು ಪೇರಿಸಿದ ಆ ಕುರ್ಚಿಗಳನ್ನು ಕಂಡಾಗ ಅಳು ಬಂತು, ಅದೂ ನಿಜ.

ಊರು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಿತು. ಮಾಳೇಶನಿಗೆ ಹಲ್ಲುನೋವು, ಸಮಯಕ್ಕೆ ಸರಿಯಾಗಿ ಕೈಕೊಟ್ಟ, ಅದರಿಂದಲೇ ಇಷ್ಟೆಲ್ಲ ಆಯಿತು ಎಂದರು. ಹುಡುಗಿ ಏನೆಂದಳೆಂಬುದು ಎಂಟು ದಿನದಲ್ಲಿ ಮರೆತುಹೋಗಿ, ಹಲ್ಲು ಮಾತ್ರ ಉಳಿಯಿತು. ಶರಣ್ಯ ಸೊರಬದ ಕಾಲೇಜಿಗೆ ಮರಳಿದಳು. ಮುಂಚೆಯೇ ಅವನನ್ನು ಗೊತ್ತುಮಾಡಿದ್ದ ಮದುಮಕ್ಕಳ ಅಪ್ಪಂದಿರು ಒಬ್ಬೊಬ್ಬರಾಗಿ ಫೋನು ಮಾಡಿ ಬೇರೆ ಬ್ಯಾಂಡು ಹೇಳಿದ್ದೇವೆ ಎಂದರು. ಸದಾಶಿವಪ್ಪನವರು ಏನೂ ಬೈಯಲಿಲ್ಲ. "ಅಡ್ಡಾಡಾಕೆ ಹೋಗಿ ಕಡೀಗೆ ಎಲ್ಲಿಗೋ ಮುಟ್ಟಿದೆ ಬಿಡು" ಎಂದು ಅವನ ಕೋಟನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು.

ಊದುವ ಕೆಲಸವಿಲ್ಲದ ಮೇಲೆ ಹಲ್ಲು ಕಾಪಾಡಿಕೊಂಡು ಏನು ಮಾಡುವುದು? ಪ್ರಮೀಳಾಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದ. ಕುರ್ಚಿಯಲ್ಲಿ ಮಲಗಿಸಿ, ಸೂಜಿಮದ್ದು ತುಂಬಿಕೊಳ್ಳುತ್ತಿದ್ದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕೇಳಿ ಗೊತ್ತಿರದ ಹೆಣ್ಣು ದನಿ, ಮೆಲ್ಲಗಿತ್ತು.

"ಗಟ್ಟಿಮೇಳದ ಮಾಳೇಶಣ್ಣ ಅಲ್ವಾ? ನಾನು ಸೊರಬದ ಕಡೆಯವ್ಳು, ಶ್ರೀಲತಾ ಅಂತ, ಶರಣ್ಯ ಮೇಡಮ್ ಹತ್ರ ಓದಿದವ್ಳು. ಬರೋ ತಿಂಗಳು ನಮ್ಮನೇಲಿ ಮದುವೆ ಇದೆ. ನೀವೇ ಬರ್ಬೇಕು."

"ನಿಮ್ ಅಪ್ಪಾರು ಬ್ಯಾಡ ಅಂತಾರೆ ತಂಗಿ. ಈಗ ಯಾರೂ ನನ್ನ ಕರೆಯಲ್ಲ."

"ಅಪ್ಪಯ್ಯ ಬೇರೆಯವ್ರನ್ನ ನೋಡ್ತಿದ್ರು. ನೀವಿಲ್ದೆ ಹಸೆಗೆ ಕೂರೋದಿಲ್ಲ ಅಂತ ನಾನು ಹಟ ಮಾಡ್ದೆ. ಒಪ್ಪಿದಾರೆ."

"ಮದುವಿ ಯಾರ್ದು?"

"ನಂದೇ."

ಮಾಳೇಶ ಕುರ್ಚಿಯಲ್ಲಿ ಎದ್ದು ಕೂತ. "ಮನೇಲಿ ಹೇಳಿ ನೋಡಿದ್ಯೇನವ್ವ?"

"ಹೇಳ್ದೆ ಅಣ್ಣ. ಎಲ್ಲರೂ ಹ್ಞೂಂ ಅಂದ್ರು."

ಮಾಳೇಶ ಡಾಕ್ಟರ ಕೈಯನ್ನು ಪಕ್ಕಕ್ಕೆ ಸರಿಸಿ ಕುರ್ಚಿಯಿಂದ ಇಳಿದ. ಮುಹೂರ್ತ ಎಷ್ಟು ಹೊತ್ತಿಗೆ ಎಂದು ಕೇಳಿದ.